ಅಪ್ಪನ ಪದಕ್ಕ ಎರಡನೇ ದನಿ

ಪಾಲಬಾವಿ, ತಾ. ರಾಯಬಾಗ
ರವಿವಾರ, ೧೨ ಜನವರಿ ೨೦೨೫

ಮುದ್ದಿನ ಮಗಳು ಕೋಮಲಗ, ನಿಮ್ಮವ್ವ ಲಗಮವ್ವ ನಿನ್ನ ತಲಿಮ್ಯಾಲ ಕೈಯಿಟ್ಟ ಬರಿಯೂದು.

ಆರಾಮ ಅದಿಯೇನವ್ವಾ? ಹೋದ ವಾರ ಫೋನ್ ಮಾಡಿದಾಗ ನಿನ್ನ ದನಿ ಒಡದಂಗ ಕೇಳ್ತು. ಇಂಥಾ ಥಂಡಿಯಾಗ ಮದವಿ ಮಂಟಪದಾಗ ಹಾಡಿ ಬಂದು ತಣ್ಣೀರ ಕುಡಿಬ್ಯಾಡ ಅಂತ ಎಷ್ಟ ಹೇಳಿದ್ರೂ ನೀ ಕೇಳಾಕಿ ಅಲ್ಲ. ಒಣ ಶುಂಠಿ ಕುಟ್ಟಿ, ಬೆಲ್ಲಾ ಹಾಕಿ ಉಂಡಿ ಕಟ್ಟಿ ಇದರ ಕೂಡ ಇಟ್ಟೇನಿ. ಸುಗಂಧಾಗೂ ಕೊಡು. ಒಂದ ಖೋಲಿಯಾಗ ಇರಾಕಿ, ಒಂದ ಆರ್ಕೆಸ್ಟ್ರಾದಾಗ ಹಾಡಾಕಿ, ಅಕಿ ಗಂಟಲಾನೂ ಅಷ್ಟ ಕೆಟ್ಟಿರತೈತಿ. ನಾವು ಆರಾಮ ಅದೇವಿ. ಕರಿ ಕುರಿ ಎರಡ ಮರಿ ಹಾಕೇತಿ. ಅದರಾಗ ಒಂದು ಹಾಲ ಕುಡಿಯೂದ ಬಿಟ್ಟು ನನ್ನ ಸೀರಿ ಸೆರಗ ಚೀಪತೈತಿ, ನೀ ಸಣ್ಣಾಕಿ ಇದ್ದಾಗ ಮಾಡಿದಂಗ.

ಫೋನಿನ್ಯಾಗ ಹೇಳೂದ ಬಿಟ್ಟು ಪತ್ರ ಯಾಕ ಅಂತಿಯೇನು? ನಿನ್ನ ಫೋನ್ ಬಂತಂದ್ರ ನಿಮ್ಮಪ್ಪ ಎಲ್ಲಿದ್ರೂ ಬಂದು ಕಟ್ಟಿಮ್ಯಾಲ ಕುಂದರತಾನ. ತಾ ಮಾತಾಡೂದಿಲ್ಲ, ಎದ್ದೂ ಹೋಗೂದಿಲ್ಲ. ಅಂವನ ಮುಂದ ಅಂವನ ಸುದ್ದಿ ನಾ ಹೆಂಗ ಹೇಳ್ಲಿ?

ನಗಬ್ಯಾಡ ಮತ್ತ, ನಿಮ್ಮವ್ವ ಈಗ ಕಂಪ್ಯೂಟರದಾಗ ಹಾಡು ಹಿಡಿಯೂದು ಕಲ್ತಾಳ. ಪಂಚಾಯ್ತಿ ಲೈಬ್ರರಿಗೆ ತಾರಾಬಾಯಿ ಅಂತ ಹೊಸಾ ಮೇಡಂ ಬಂದಾರ, ಅಥಣಿ ಕಡೆಯವ್ರು. ಊರಾಗಿನ ಪದಾ ಎಲ್ಲಾ ಲೈಬ್ರರಿ ಕಂಪ್ಯೂಟರದಾಗ ಇಡಬೇಕಂತ ಅವ್ರ ಆಶಾ. ಬೀಸೂ ಪದಾ ಹಾಡ ಬರ್ರಿ ಅಂತ ನನ್ನ ಕರದ್ರು. ಹ್ವಾದೆ, ಹಾಡಿದೆ. ಆದ್ರ ನನಗ ಹಾಡೂದಕಿಂತ ಅವ್ರು ಒತ್ತಾಕತ್ತಿದ್ದ ಆ ಕೆಂಪ ಗುಂಡಿಮ್ಯಾಲ ಕಣ್ಣ ಬಿತ್ತು. ನಾನೂ ಒಂದ ಸಲ ಒತ್ತಲೇನ್ರಿ ಅಂದೆ. ಒತ್ತರೆಲಾ ಅಂತ ಕುರ್ಚಿ ಬಿಟ್ಟ ಎದ್ದ ಬಿಟ್ರು. ಅವತ್ತಿಂದ ಮಧ್ಯಾಹ್ನ ರೊಟ್ಟಿ ಕೆಲಸ ಮುಗಿಸಿ ಅಲ್ಲೆ ಹೋಗಿ ಕುಂದರತೇನಿ.

ಮೊದಮೊದಲ ಏನೇನ ಪಜೀತಿ ಆತಂದಿ! ಕುರಿ ಹಿಡಿದಂಗ ಮೌಸ್ ಗಟ್ಯಾಗಿ ಹಿಡಿತಿದ್ದೆ, ಅದರ ಬಾಣ ಎಲ್ಲೆರ ಓಡಿ ಹೋಗತಿತ್ತು. ಬ್ಯಾಂಕಿಗೆ ಹೋಗೂ ಅವಸರದಾಗ ಬಂದ ಕಾಳವ್ವ ಕಾಕು ಒಂದ ಉದ್ದನ ಸೋಬಾನ ಪದಾ ಪೂರ್ತಿ ಹಾಡಿ ಮುಗಿಸಿದ್ಲು. ಆಮ್ಯಾಲ ನೋಡಿದ್ರ ನಾ ಗುಂಡಿ ಒತ್ತೇ ಇಲ್ಲ. ಗಡಬಡಿಸಿ ಆಗ ಒತ್ತಿದೆ, ಅಕಿ ಬೈದ ಬೈಗಳ ಮಾತ್ರ ಚಲೋ ರೆಕಾರ್ಡ್ ಆಗೇತಿ, ಇನ್ನೂ ಅದರಾಗ ಐತಿ. ಹಾಡಿದ್ದೆಲ್ಲಾ ಕಂಪ್ಯೂಟರದಾಗ ಜ್ವಾಳದ ತೆನಿಗತೆ ಕಾಣತೈತಿ. ಜೋರ ಹಾಡಿದ್ರ ದಪ್ಪ, ಮೆಲ್ಲಕ ಹಾಡಿದ್ರ ಸಣ್ಣ. ಕೆಮ್ಮಿದ ಜಾಗಾ ಅಷ್ಟ ಕತ್ತರಿಸಿ ತಗೀಬಹುದು. ನಾ ಕೆಮ್ಮಿನ ಜೋಡಿ ಅರ್ಧಾ ಪದಾನೂ ತಗದೆ. ಎಲ್ಲಾಕಿಂತ ಚಂದ ಅಂದ್ರ, ಒಬ್ಬೊಬ್ಬರ ದನೀಗೆ ಒಂದೊಂದ ಸಾಲು. ಡೊಳ್ಳು ಒಂದ ಸಾಲಿನ್ಯಾಗ, ತಾಳ ಇನ್ನೊಂದರಾಗ. ಇವತ್ತ ಒಬ್ಬರು ಹಾಡಿ, ನಾಳೆ ಇನ್ನೊಬ್ಬರು ಹಾಡಿದ್ರೂ ಕೂಡೇ ಹಾಡಿದಂಗ ಕೇಳತೈತಿ.

ಇಷ್ಟ ಕಲ್ತ ಮ್ಯಾಲ ನಿಮ್ಮಪ್ಪನ ಡೊಳ್ಳಿನ ಪದಾ ಹಿಡಿಲಾರದ ಬಿಡ್ತೇನೇನು? ಕುರಿ ಮೇಯಾಕ ಬಿಟ್ಟ ಬರೂದಿಲ್ಲ, ಪೆಟಿಗಿ ಮುಂದ ಹಾಡೂದಿಲ್ಲ ಅಂತ ಒಂದ ವಾರ ಹಟಾ ಮಾಡಿದ. ಕಡೀಕ ತಾರಾಬಾಯಿಯಾರ ಮನಿಗೇ ಬಂದ ಕರದ್ರು, ಅದಕ್ಕ ಬಂದ. ಗುಡ್ಡದಾಚೆ ಇದ್ದ ಕುರಿ ಕರದಂಗ ದನಿ ಎತ್ತಿದ, ಜೋರ ಮಿತಿ ಮೀರಿ ಕಂಪ್ಯೂಟರದಾಗಿನ ತೆನಿ ಎಲ್ಲಾ ಕೆಂಪಾತು. ಮೈಕ್ ದೂರ ಸರಿಸಿ, ಕಿಡಕಿ ಮುಚ್ಚಿ ಮತ್ತ ಹಾಡಸಿದೆ. ಬೀರದೇವರು ಕಾಡಿನ್ಯಾಗ ಬೆಳೀತಾನಲ್ಲ, ಅಕ್ಕ ಮಾಯವ್ವ ತಮ್ಮನ್ನ ಹುಡಕ್ಕೋತ ಬರ್ತಾಳಲ್ಲ, ಆ ಪದಾ. ಅಕ್ಕ ಕೇಳೂ ಜಾಗಾ ಬಂದಾಗ ಅಂವ ಸುಮ್ಮನ ನಿಂತ. ಮರತಾನೇನೋ ಅನಕೊಂಡೆ. ಮರತಿರಲಿಲ್ಲ, ಅದು ಅಂವನ ಜೋಡಿ ಹಾಡೂವಾಗ ಅಕ್ಕನ ನುಡಿ ನೀ ಎತ್ತೂ ಜಾಗಾ. ಒಂದ ಉಸರ ಕಾದು, ಮುಂದಿನ ನುಡಿ ತಾನ ಹಿಡದ. ಹಾಡ ಮುಗಿಯೂತನಕ ಅಕ್ಕ ಬರೂ ಕಡೆ ಎಲ್ಲಾ ಹಂಗ ನಿಂತ. ಅಂವ ನಿಂತಲ್ಲೆಲ್ಲಾ ತೆನಿ ನಡಬರಕ ಬರೇ ಗೆರಿ.

ನಿನಗ ಗೊತ್ತೈತಿ, ಆರ್ಕೆಸ್ಟ್ರಾ ಸೇರಾಕ ನೀ ಮಿರಜಿಗೆ ಹ್ವಾದ ದಿನಾ ‘ದೇವರ ಪದಾ ಹಾಡಿದ ಬಾಯಿ ಅದು’ ಅಂದಾಂವ, ಆಮ್ಯಾಲ ಎರಡ ವರ್ಷ ನಿನ್ನ ಹೆಸರ ತಗದಿಲ್ಲ. ಅವತ್ತ ಲೈಬ್ರರಿಯಾಗ ನಾನೂ ತಗೀಲಿಲ್ಲ. ಮರುದಿನಾ ಅಪ್ಪನ ಡೊಳ್ಳಿನ ಮೇಳದ ಸತ್ಯಪ್ಪನ್ನ ಕರಸಿ ಅಕ್ಕನ ಜಾಗಾದಾಗ ಹಾಡಸಿದೆ. ಖರೇ ಹೇಳ್ತೇನಿ, ಚಲೋ ಹಾಡಿದ. ನಿಮ್ಮಪ್ಪ ಹೆಡ್‌ಫೋನ್ ಹಾಕ್ಕೊಂಡು ಕಣ್ಣ ಮುಚ್ಚಿ ಪೂರಾ ಕೇಳಿದ. ತಗದ ಇಟ್ಟು, ಸತ್ಯಪ್ಪನ ದನಿ ಬ್ಯಾರೆ ಪದಕ್ಕ ಇರ್ಲಿ, ಇದರಾಗಿಂದ ತಗಿ ಅಂದ. ಸತ್ಯಪ್ಪ ಸಿಟ್ಟ ಆಗಲಿಲ್ಲ, ತಲಿ ಅಲ್ಲಾಡಿಸಿ ಚಹಾ ಕುಡ್ಯಾಕ ಹ್ವಾದ. ನಾ ಆ ಸಾಲು ಅಳಸಾಕತ್ತಿದ್ದೆ. ಆಗ ನಿಮ್ಮಪ್ಪ ಗ್ವಾಡಿ ಕಡೆ ಮಾರಿ ಮಾಡಿ ಕೇಳಿದ:

“ಬ್ಯಾರೆ ಊರಾಗ ಕುಂತವರು ಹಾಡಿದ್ರ ಇದರಾಗ ಕೂಡತೈತೇನ?”

ನಾ ಅಳಸೂದ ಬಿಟ್ಟೆ. ಕೂಡತೈತೋ ಇಲ್ಲೋ ನನಗ ಗೊತ್ತಿರಲಿಲ್ಲ. ಆದ್ರೂ ಕೂಡತೈತಿ ಅಂದ ಬಿಟ್ಟೆ. ಅಂದು ತಾರಾಬಾಯಿಯಾರ ಮಾರಿ ನೋಡಿದೆ, ಅವ್ರು ಹೌದಂತ ಗೋಣ ಹಾಕಿದ ಮ್ಯಾಲ ಜೀವ ಬಂತು. ನಿಮ್ಮಪ್ಪ ಕಂಬಳಿ ಹೆಗಲಿಗೆ ಹಾಕ್ಕೊಂಡು ಕುರಿ ಕಡೆ ಹ್ವಾದ.

ಅದಕ್ಕ ಒಂದ ಪೆನ್‌ಡ್ರೈವ್ ಕಳಸಾಕತ್ತೇನಿ. ಸತ್ಯಪ್ಪ ನಾಳೆ ಕಣ್ಣ ತೋರಸಾಕ ಮಿರಜಿಗೆ ಹೊಂಟಾನ, ಅಂವನ ಕೈಯಾಗ ಕೊಡ್ತೇನಿ. ಅಪ್ಪನ ದನಿ ಕಿವ್ಯಾಗ ಇಟ್ಕೊಂಡು, ಅಂವ ನಿಂತಲ್ಲೆ ನೀ ಎತ್ತು. ನಿಮ್ಮ ಆರ್ಕೆಸ್ಟ್ರಾದಾಗ ದನಿ ಗುಂಯ್ ಅನ್ನೂಹಂಗ ಮಾಡ್ತಾರಲ್ಲ, ಅದೇನೂ ಹಾಕಬ್ಯಾಡ. ಆರ್ಕೆಸ್ಟ್ರಾ ಬಿಡು ಅಂತ ನಾ ಬರಿಯಾಕತ್ತಿಲ್ಲ, ಹಂಗ ತಿಳಕೋಬ್ಯಾಡ. ನೀ ಹಾಡಿದ ಮರಾಠಿ ಹಾಡು ಸುಗಂಧಾ ಕಳಿಸಿದ್ಲು, ನಾ ಕುರಿ ಕಟ್ಟೂವಾಗ ದಿನಾ ಕೇಳ್ತೇನಿ. ಚಂದ ಹಾಡ್ತಿ ಮಗಳ. ನಿನಗ ಮನಸ ಇಲ್ಲಂದ್ರ ಪೆನ್‌ಡ್ರೈವ್ ಹಂಗ ವಾಪಸ್ ಕಳಸು, ನಾ ಬ್ಯಾಸರಾ ಮಾಡಕೊಳ್ಳೂದಿಲ್ಲ. ಆ ಸಾಲು ಖಾಲಿ ಇದ್ರೂ ಇರಲಿ, ಬ್ಯಾರೆದವರ ದನಿ ಮಾತ್ರ ಹಾಕೂದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಸುಗಂಧಾಗ ನನ್ನ ನೆನಪ ಹೇಳು. ಬೀರಪ್ಪ ನಿನ್ನ ಗಂಟಲಾ ಕಾಯಲಿ, ಹೋದಲ್ಲೆ ನಿನ್ನ ಕಡೆ ಇರಲಿ.

ನಿನ್ನ ದಾರಿ ನೋಡೂ
ಅವ್ವ, ಲಗಮವ್ವ

ತಾ.ಕ.: ಸೋಮವಾರ ಮುಂಜಾನೆ ಗಡಬಡಿಸಿ ಬರಿಯಾಕತ್ತೇನಿ, ರಾಯಬಾಗ ಸ್ಟೇಶನ್ನಿಗೆ ಹೋಗೂ ಟಮಟಮ್ ಬಾಗಲಕ್ಕ ಬಂದ ನಿಂತೈತಿ. ಸತ್ಯಪ್ಪನ ಕೈಯಾಗ ಪತ್ರ, ಪೆನ್‌ಡ್ರೈವ್ ಕಳಸಾಕತ್ತಿಲ್ಲ. ‘ಅಂವಗ ಯಾಕ ತ್ರಾಸ, ನನಗೂ ಮಿರಜದಾಗ ಡೊಳ್ಳಿನ ಹಗ್ಗ ತರೂದೈತಿ’ ಅಂತ ನಿಮ್ಮಪ್ಪ ಜಳಕಾ ಮಾಡಿ, ತಲಿಗೆ ತೊಳದ ಪಟಗಾ ಸುತ್ತಿ ಕುಂತಾನ. ಹಗ್ಗ ಹೋದ ತಿಂಗಳ ಹೊಸಾದ ಹಾಕ್ಯಾನ. ಪತ್ರ ನಿನ್ನ ಕೈಯಾಗ ಕೊಟ್ಟು ಅಂವ ಬಾಗಲದ ಹೊರಗ ನಿಂದರತಾನ, ಕರಿಯೂತನಕ ಒಳಗ ಬರಾಂವ ಅಲ್ಲ. ನೀ ಮೊದಲಿಂದ ಓದಕೋತ ಕುಂತಿದ್ರ ಇಷ್ಟೊತ್ತೂ ನಿಂತ ಇರ್ತಾನ. ಒಳಗ ಕರಿಯವ್ವಾ.