ಹದಿನೈದನೇ ದಿನದ ನಮೂದು

ಗೋಗಿ, ಶಹಾಪುರ ತಾಲ್ಲೂಕು
28 ಸೆಪ್ಟೆಂಬರ್ 2011

ಪ್ರೀತಿಯ ಅಕ್ಕನ ಮಗಳು ಹಂಪಮ್ಮಗೆ,

ಹೇಗಿದ್ದೀ ತಾಯಿ? ಕೂಸು ಹಾಲು ಸರಿಯಾಗಿ ಕುಡಿಯುತ್ತಿದೆಯೇ? ವಾಸ್ಕೋದ ಸಮುದ್ರದ ಗಾಳಿ ಬಾಣಂತಿಗೆ ಒಳ್ಳೆಯದಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡಿರು. ಇಲ್ಲಿ ನಿನ್ನ ಅತ್ತಿ, ‘ಬಾಣಂತಿಗೆ ಸಿಟ್ಟು ಬರೂವಂಥಾದ್ದು ಏನೂ ಬರೀಬ್ಯಾಡ್ರಿ’ ಎಂದು ಎರಡು ಸಲ ಹೇಳಿದಳು. ಬರೆಯದೆ ಬೇರೆ ದಾರಿ ಇಲ್ಲ. ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಆಗಸ್ಟ್ 31ರಂದು ನಿನ್ನ ತಾಯಿ ಕಲಬುರಗಿಯಲ್ಲಿ ಸೊಂಟದ ಮೂಳೆಗೆ ರಾಡು ಹಾಕಿಸಿಕೊಂಡು ಮಲಗಿದ್ದಳು. ಅದೇ ದಿನ ನಮ್ಮ ಪೇಟೆಯ ಟ್ರಸ್ಟಿನ ಆಸ್ಪತ್ರೆಯವರು, ಕರೆಮ್ಮ, ವಯಸ್ಸು ಎಪ್ಪತ್ತೊಂದು, ಆರಾಮವಾಗಿದ್ದಾಳೆ ಎಂದು ರಿಜಿಸ್ಟರಿನಲ್ಲಿ ಬರೆದು ಅವಳ ಫೈಲು ಮುಚ್ಚಿದ್ದಾರೆ. ಆ ಆಸ್ಪತ್ರೆಯ ಹೆಸರು ಬರೆದು ಈ ಕಾಗದವನ್ನು ಹೊಲಸು ಮಾಡುವುದಿಲ್ಲ. ಬಾಗಿಲಲ್ಲೇ ಆಳೆತ್ತರದ ಹಲಗೆ ಇದೆ, ‘ಅರವತ್ತು ದಾಟಿದವರು ಮನೆಗೆ ಮರಳಿದ ಮೇಲೂ ನಮ್ಮವರೇ’ ಎಂದು. ಅಕ್ಷರಗಳಿಗೆ ಬಂಗಾರದ ಬಣ್ಣ ಹಚ್ಚಿಸಿದ್ದಾರೆ. ಆ ಬಣ್ಣಕ್ಕೆ ತೋರಿದ ಕಾಳಜಿಯಲ್ಲಿ ಕಾಲು ಭಾಗವನ್ನಾದರೂ ಮುದುಕರಿಗೆ ತೋರಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಆಗಸ್ಟ್ 16ಕ್ಕೆ ಅಕ್ಕ ಕಾಲುವೆ ಪಕ್ಕದ ಹೊಲದಲ್ಲಿ ಕಳೆ ತೆಗೆಯುವಾಗ ತಲೆ ತಿರುಗಿ ಬಿದ್ದಳು. ನಾನು ದೇವಾಪುರಕ್ಕೆ ಮದುವೆಗೆ ಹೋಗಿದ್ದೆ. ನಮ್ಮೂರಿನ ಆಟೋ ಮೈನುದ್ದೀನನೇ ಅವಳನ್ನು ಎತ್ತಿ ಕೂರಿಸಿಕೊಂಡು ತುರ್ತು ವಿಭಾಗಕ್ಕೆ ಒಯ್ದ. ಅಕ್ಕನ ಬಳಿ ಫೋನಿಲ್ಲ, ಆದ್ದರಿಂದ ಅಲ್ಲಿ ತನ್ನದೇ ನಂಬರು ಬರೆಸಿದ. ಬಿಪಿ ಏರಿದೆ ಎಂದು ಹೊಸ ಗುಳಿಗೆ ಕೊಟ್ಟು, ಎಂಟನೇ ದಿನ ಬನ್ನಿ ಎಂದು ಸಂಜೆಗೆ ಕಳಿಸಿದರು. ಹಳೆಯ ಗುಳಿಗೆ ಏನಾದರೂ ನುಂಗುತ್ತೀಯಾ ಅಜ್ಜಿ ಎಂದು ಒಬ್ಬರೂ ಕೇಳಲಿಲ್ಲ.

ನಿನ್ನ ಅವ್ವ ಹೇಗೆಂದು ನಿನಗೇ ಗೊತ್ತು. ಹೊಸದನ್ನೂ ನುಂಗಿದಳು, ಎಲೆ ಅಡಿಕೆ ಸಂಚಿಯಲ್ಲಿದ್ದ ಹಳೆಯದನ್ನೂ ನುಂಗಿದಳು. ಆಮೇಲೆ ಕೇಳಿದರೆ, ‘ಆ ಹಳೇ ಡಾಕ್ಟರ್ ಹತ್ತು ವರ್ಷದಿಂದ ನೋಡ್ಯಾರ. ಅವರ ಗುಳಿಗಿ ಬಿಟ್ರ ಅವರಿಗೆ ಹೆಂಗ ಮುಖ ತೋರಸ್ಲಿ?’ ಅಂದಳು. ಎಂಟನೇ ದಿನ ಹೋಗೋಣ ಎಂದರೆ, ‘ಆರಾಮ ಇದ್ದಾಕಿನ್ನ ದವಾಖಾನಿಗಿ ಯಾಕ ಒಯ್ತೀ, ನಿನಗ ಬ್ಯಾರೆ ಕೆಲಸ ಇಲ್ಲೇನು?’ ಎಂದಳು. ನಾನೂ ಸುಮ್ಮನಾದೆ. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ. ಹನ್ನೊಂದನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳೇ ಕಣ್ಣು ಕತ್ತಲಿಟ್ಟು ಬಿದ್ದು ಸೊಂಟ ಮುರಿದುಕೊಂಡಳು. ಬಿಪಿ ಪಾತಾಳಕ್ಕೆ ಇಳಿದಿತ್ತು. ಎರಡು ಗುಳಿಗೆ ಕೂಡಿ ಮಾಡಿದ ಕೆಲಸ ಇದು ಎಂದು ಕಲಬುರಗಿಯ ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿದರು.

ಈಗ ಅವಳನ್ನು ಹಿಡಿದು ನಿಲ್ಲಿಸಿ ನಡೆಸಬೇಕು. ದೀಪಾವಳಿಯೊಳಗೆ ಹೆಜ್ಜೆ ಇಡದಿದ್ದರೆ ಮುಂದೆ ಇಡುವುದು ಕಷ್ಟವಂತೆ. ವ್ಯಾಯಾಮ ಮಾಡಿಸುವವರು ಮನೆಗೇ ಬರುತ್ತಾರೆಂದು ಟ್ರಸ್ಟಿನವರು ಅದೇ ಹಲಗೆಯಲ್ಲಿ ಬರೆದಿದ್ದಾರಲ್ಲ, ಕೇಳೋಣವೆಂದು ಹೋದೆ. ಕೌಂಟರಿನ ಹುಡುಗಿ ಪುಟ ತಿರುವಿ, ‘ಅಜ್ಜಾರ, ಇವ್ರದು ಫಾಲೋಅಪ್ ಮುಗದದ್ರಿ. ಮೂರು ಸಲ ಫೋನ್ ಮಾಡೇವ್ರಿ, ಆರಾಮ ಅದಾರಂತ. ಫೈಲ್ ಕ್ಲೋಸ್ ಆಗ್ಯಾದ್ರಿ’ ಎಂದಳು. ನಾನು ಪುಟವನ್ನು ನನ್ನ ಕಡೆ ಎಳೆದುಕೊಂಡೆ. ಮೂರನೇ ದಿನ, ಎಂಟನೇ ದಿನ, ಹದಿನೈದನೇ ದಿನ. ಮೂರಕ್ಕೂ ಒಂದೇ ಶಾಯಿ, ಒಂದೇ ಓರೆ, ಒಂದೇ ಉಸಿರಿನಲ್ಲಿ ಬರೆದದ್ದು. ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದವನ ಕಣ್ಣಿಗೆ ಇದು ತಪ್ಪುವುದಿಲ್ಲ.

ತಪ್ಪದಿರಲು ಕಾರಣವೂ ಇದೆ. ಕಾಲುವೆ ಕಚೇರಿಯಲ್ಲಿದ್ದಾಗ ಒಂದು ಬೇಸಿಗೆ ನಾನೇ ಬಿಸಿಲಿಗೆ ಅಂಜಿ, ವಾರದ ನೀರಿನ ಅಳತೆಯನ್ನು ಕುಳಿತಲ್ಲೇ ಬರೆದಿದ್ದೆ. ಕಾಲುವೆ ತುದಿಯ ಹೊಲದ ಗುರಪ್ಪ ನೀರು ಮುಟ್ಟದೆ ಒಣಗಿದ ಶೇಂಗಾ ಬಳ್ಳಿ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಅಂದು ಊಟ ಸೇರಲಿಲ್ಲ. ಇವರ ಮೇಜಿನ ಮೇಲೆ ಮುದುಕಿಯ ಮುರಿದ ಸೊಂಟವನ್ನೇ ಇಟ್ಟು ಬಂದೆ. ಇವರು ಮಧ್ಯಾಹ್ನದ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತರು.

ಮೈನುದ್ದೀನನನ್ನು ಹಿಡಿದು ಕೇಳಿದೆ. ಪಾಪ, ಬೆವತುಹೋದ. ‘ಎರಡು ಸಲ ಬಂದಿತ್ರಿ ಕಾಕಾ ಫೋನು. ಮುದಕಿ ಹೆಂಗದಾಳ ಅಂದ್ರು. ಆರಾಮ ಅದಾಳ್ರಿ ಅಂದೆ. ಯಾರರ ಕೇಳಿದ್ರ ಹಂಗಽ ಅಲ್ರೀ ಅನ್ನೋದು? ಹಿರ್ಯಾರ ಮ್ಯಾಲ ಕೆಟ್ಟ ಮಾತು ಯಾಕ ಆಡಬೇಕ್ರಿ?’ ಎಂದ. ಅವನನ್ನು ಹೇಗೆ ಬೈಯಲಿ? ನಮ್ಮ ಕಡೆ ಸಾಯಲು ಬಿದ್ದವನೂ ಕೇಳಿದವರಿಗೆ ಆರಾಮ ಎಂದೇ ಹೇಳುತ್ತಾನೆ, ಅದು ಮರ್ಯಾದೆ. ಗುಳಿಗೆ ಯಾವುದು ನುಂಗುತ್ತಾಳೆ, ಎದ್ದರೆ ತಲೆ ತಿರುಗುತ್ತದೆಯೇ, ನೀನು ಅವಳಿಗೆ ಏನಾಗಬೇಕು ಎಂದು ಕೇಳುವಷ್ಟು ಬುದ್ಧಿಯನ್ನು ಸಂಬಳದ ಜೊತೆ ಯಾರೂ ಅವರಿಗೆ ಕೊಟ್ಟಿಲ್ಲ. ಹದಿನೈದನೇ ದಿನವಂತೂ ಅವನಿಗೆ ಫೋನೇ ಬಂದಿಲ್ಲ.

ಅಕ್ಕ ನಿನ್ನನ್ನು, ಮೊಮ್ಮಗಳನ್ನು ದಿನಾ ನೆನೆಯುತ್ತಾಳೆ. ಬಾಣಂತನಕ್ಕೆ ತಾನು ಬರಬೇಕಿತ್ತೆಂದು ಗೋಡೆಯ ಕಡೆ ಮುಖ ಮಾಡುತ್ತಾಳೆ. ಅಳಿಯಂದಿರಿಗೆ ನಮಸ್ಕಾರ, ಕೂಸಿಗೆ ನನ್ನ ಮುತ್ತು. ನೂರು ಕಾಲ ಚೆನ್ನಾಗಿರು.

ನಿನ್ನ ಮಾವ,
ಅಂಬ್ರಪ್ಪ

ಮರೆತಿದ್ದೆ, ಅಂಚೆಯವನು ನಿಂತಿದ್ದಾನೆ. ತಮ್ಮನ ಮಾತಿಗೆ ಫೈಲು ತೆರೆಯುವುದಿಲ್ಲವಂತೆ, ಮಗಳ ಸಹಿ ಬೇಕಂತೆ. ಅರ್ಜಿ ಬರೆದು ಇದರೊಳಗೆ ಇಟ್ಟಿದ್ದೇನೆ, ಇಂದೇ ಸಹಿ ಮಾಡಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಬರುವ ಒಂಬತ್ತಕ್ಕೆ ಅವರ ವಾರ್ಷಿಕ ಸಭೆ ಇದೆ, ಊರಿಗೆಲ್ಲ ಕರೆ ಕೊಟ್ಟಿದ್ದಾರೆ. ಅಂದು ನಾನು ಎದ್ದು ನಿಂತು ಓದುವ ಎರಡು ಸಾಲು ಇವು: ಆಗಸ್ಟ್ 31ರಂದು ನಿಮ್ಮಲ್ಲಿ ಯಾರು, ಯಾವ ನಂಬರಿಗೆ, ಯಾರ ಜೊತೆ ಮಾತಾಡಿದಿರಿ? ಕರೆಮ್ಮನನ್ನು ಎಬ್ಬಿಸಿ ನಿಲ್ಲಿಸಲು ನಾಳೆ ಎಷ್ಟು ಗಂಟೆಗೆ ಯಾರು ಗೋಗಿಗೆ ಬರುತ್ತೀರಿ, ಈ ಜನರ ಎದುರಿಗೇ ಹೆಸರು ಹೇಳಿರಿ.