ಎಡಗಾಲು ಹಿಡಿದುಕೊಂಡವನಿಗೆ

ಬಣಕಲ್
೨೦ ಜನವರಿ ೨೦೨೬, ಮಂಗಳವಾರ

ಚಿರಂಜೀವಿ ಬಸವಪ್ರಸಾದನಿಗೆ, ಅಂಗಡಿಯ ಗಲ್ಲಾದ ಮೇಲೆ ಕಾಗದವಿಟ್ಟುಕೊಂಡು ನಿನ್ನ ಅಪ್ಪ ಬರೆಯುವ ಆಶೀರ್ವಾದಗಳು.

ಮೈ ಹೇಗಿದೆ ಮಗನೇ? ಊಟ ಸೇರುತ್ತಿದೆಯೇ? ಗೋವಾದ ಸೆಕೆಯಲ್ಲಿ ನಿದ್ದೆ ಬರುತ್ತದೆಯೇ? ಈ ಪ್ರಶ್ನೆಗಳಿಗೆಲ್ಲ ಫೋನಿನಲ್ಲಿ ನಿನ್ನದು ಒಂದೇ ಉತ್ತರ, "ಸೂಪರ್ ಅಪ್ಪ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದುಬಿಡುತ್ತದೆ. ಎದುರಿನ ಪಾತ್ರ ಮಾತು ಮುಗಿಸುವ ಮುಂಚೆಯೇ ತನ್ನ ಮಾತು ಉದುರಿಸುವ ನಟನನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅಂಥವನು ಉರು ಹೊಡೆದಿರುತ್ತಾನೆಯೇ ಹೊರತು ಕೇಳಿಸಿಕೊಂಡಿರುವುದಿಲ್ಲ. ಅದಕ್ಕೇ ಈ ಕಾಗದ. ಇದರ ನಡುವೆ "ಕೋಚ್ ಕರೀತಿದ್ದಾರೆ ಅಪ್ಪ, ಇಡ್ತೀನಿ" ಎಂದು ನೀನು ತಪ್ಪಿಸಿಕೊಳ್ಳಲಾರೆ. ಇನ್ನೊಂದು ಕಾರಣವೂ ಇದೆ. ನಿಮ್ಮಮ್ಮ ಫೋನನ್ನು ಸ್ಪೀಕರಿಗೆ ಹಾಕದೆ ನಮ್ಮಿಬ್ಬರನ್ನು ಮಾತಾಡಲು ಬಿಡುವುದಿಲ್ಲ. ಇಂದು ನಾನು ಕೇಳಬೇಕಾದದ್ದು ಆ ತಾಯಿಯ ಕಿವಿಗೆ ಬೀಳುವಂಥದ್ದಲ್ಲ.

ಇಲ್ಲಿ ನಾವು ಕ್ಷೇಮ. ಕಾಫಿ ಕೊಯ್ಲು ಮುಗಿಯುತ್ತ ಬಂತು. ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವಿಕೊಂಡವರೆಲ್ಲ ಮೊನ್ನೆ ಆಕಾಶದಲ್ಲಿ ಒಂದು ಮೋಡ ಕಂಡದ್ದೇ ತಡ, ಟಾರ್ಪಾಲಿಗೆಂದು ನಮ್ಮ ಅಂಗಡಿಗೆ ನುಗ್ಗಿದರು. ಮಳೆ ಬರಲಿಲ್ಲ, ವ್ಯಾಪಾರ ಬಂತು. ಶಿವರಾತ್ರಿಗೆ ನಮ್ಮ ಮಂಡಳಿಯ ನಾಟಕವುಂಟು. ಈ ಸಲವೂ ಕೊನೆಯ ಅಂಕದಲ್ಲಿ ಗದೆಯ ಪೆಟ್ಟಿಗೆ ತೊಡೆ ಮುರಿದು ಬೀಳುವ ರಾಜ ನಾನೇ! ಈ ವಯಸ್ಸಿನಲ್ಲಿ ಬೇಡ ಎಂದು ಲಿಂಗಪ್ಪ ಮೀಟಿಂಗಿನಲ್ಲಿ ಎದ್ದು ಹೇಳಿದ. ಆ ಪಾತ್ರದ ಮೇಲೆ ಅವನಿಗೆ ಕಣ್ಣಿರುವುದು ಬಣಕಲ್ಲಿಗೆಲ್ಲ ಗೊತ್ತು. ನಾನು ಎದ್ದು ನಿಂತು ಒಂದೇ ಒಂದು ಗರ್ಜನೆ ಮಾಡಿದೆ. ಹಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು, ಲಿಂಗಪ್ಪ ಕೂತ.

ಇನ್ನು ಪರದೆ ಸರಿಸುತ್ತೇನೆ. ಕೇಳು.

ಕಳೆದ ಶನಿವಾರ ನಿನ್ನ ಫುಟ್‌ಬಾಲ್ ಮ್ಯಾಚು. ನಮ್ಮ ಪಕ್ಕದ ಮೊಬೈಲ್ ಅಂಗಡಿಯ ಧರ್ಮೇಶ ಎಂದಿನಂತೆ ಅದನ್ನು ಟಿವಿಗೆ ಹಾಕಿದ. ಬೆಂಚಿನ ಮೇಲೆ ಜಾಗವಿಲ್ಲದೆ ಜನ ಹೊರಗೆ ನಿಂತಿದ್ದರು. ಕಾಫಿ ಕಣದಲ್ಲಿ ಚೆಂಡೊದ್ದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಬೈಗುಳ ತಿನ್ನುತ್ತಿದ್ದ ಹುಡುಗ, ಮಂಗಳೂರಿನ ಕಾಲೇಜು ಟೀಮಿಗೆ ಹೋಗಿ, ಬೆಂಗಳೂರಿನ ಬಿ ಡಿವಿಷನ್‌ನಲ್ಲಿ ಕೆಸರು ತುಳಿದು, ಮಲಪ್ಪುರದ ಏಳಾಳಿನ ಆಟದಲ್ಲಿ ಊರೂರು ತಿರುಗಿ, ಈಗ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷರ ಐಸ್ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಗೋವಾದ ಲೀಗಿನಲ್ಲಿ ರೈಟ್ ವಿಂಗು! ನಮ್ಮೂರಿನವರು ನೋಡದೆ ಬಿಡುತ್ತಾರೆಯೇ? ಚೆಂಡು ನಿನ್ನ ಕಾಲಿಗೆ ಬಂತು. ಬೆಂಚು ಎದ್ದು ನಿಂತಿತು. ನೀನು ಒಬ್ಬನನ್ನು ದಾಟಿದೆ, ಎರಡನೆಯವನು ಇನ್ನೂ ಒಂದು ಮಾರು ದೂರದಲ್ಲಿದ್ದಾನೆ, ಯಾರೂ ಮುಟ್ಟಿಲ್ಲ, ಗಾಳಿಯೂ ಮುಟ್ಟಿಲ್ಲ, ನೀನು ದೊಪ್ಪನೆ ಬಿದ್ದೆ! ಬಿದ್ದು, ಎಡಗಾಲು ಹಿಡಿದುಕೊಂಡು, ಅಯ್ಯೋ ಎಂದು ಮೂರು ಉರುಳು ಉರುಳಿದೆ. ರೆಫ್ರಿ ಬಂದು, ಬೇಕಂತಲೇ ಬಿದ್ದೆ ಎಂದು ಹಳದಿ ಕಾರ್ಡು ತೋರಿಸಿದ. ನೀನು ನಗುತ್ತ ಎದ್ದೆ.

ನಗುತ್ತ! ಸಿಕ್ಕಿಬಿದ್ದ ಕಳ್ಳನ ನಗು!

ಧರ್ಮೇಶನ ಅಂಗಡಿಯಲ್ಲಿ ಆ ಹೊತ್ತಿಗೆ ಎದ್ದ ಗದ್ದಲವನ್ನು ಏನೆಂದು ಬರೆಯಲಿ. "ಎಂಥ ಆಕ್ಟಿಂಗು ಮಾರಾಯ್ರೆ! ಜಯದೇವಪ್ಪನವ್ರೇ, ನಿಮ್ಮ ಪಾತ್ರ ಇನ್ನು ಮಗನಿಗೇ ಕೊಡಿ" ಎಂದು ಒಬ್ಬ. "ಅಪ್ಪಂಗೆ ಬೀಳಕ್ಕೆ ಗದೆ ಬೇಕಿತ್ತು, ಮಗಂಗೆ ಅದೂ ಬೇಡ" ಎಂದು ಇನ್ನೊಬ್ಬ. ಲಿಂಗಪ್ಪ ಮಾತ್ರ ನಗಲಿಲ್ಲ. ಅವನು ನನ್ನ ಕಿವಿಯ ಹತ್ತಿರ ಬಂದು, "ಈ ಲೀಗುಗಳಲ್ಲಿ ಬೆಟ್ಟಿಂಗ್ ಎಲ್ಲ ಉಂಟಂತೆ. ಹುಡುಗನ್ನ ಒಂದು ಮಾತು ಕೇಳಿ ನೋಡಿ" ಎಂದ. ಇದೇ ತಿಂಗಳಲ್ಲಿ ನೀನು ಹೀಗೆ ಬಿದ್ದದ್ದು ಮೂರನೆಯ ಸಲ ಎಂದೂ ಅವನೇ ನೆನಪಿಸಿದ. ನಾನು ಎದ್ದು ಅಂಗಡಿಗೆ ಬಂದು ಕೂತೆ. ಗಂಬೂಟು ಕೇಳಿದವನಿಗೆ ಎರಡೂ ಎಡಗಾಲಿನದೇ ಕೊಟ್ಟು ಕಳಿಸಿದೆನಂತೆ, ಅವನು ವಾಪಸು ಬಂದು ಕೂಗಾಡಿದ ಮೇಲೆ ತಿಳಿದದ್ದು.

ಮಗನೇ, ಎರಡು ದಿನ ನಾನು ನಿನ್ನನ್ನು ಕಳ್ಳನೆಂದೇ ನಂಬಿದ್ದೆ. ಸುಳ್ಳು ಹೇಳುವುದಿಲ್ಲ. ಅನ್ನದ ತಟ್ಟೆಯ ಮುಂದೆ ಕೂತರೆ ನಿನ್ನ ಆ ನಗು ಕಾಣುತ್ತಿತ್ತು. ಇವನಿಗೆ ಯಾರು ಏನು ಆಸೆ ತೋರಿಸಿದರು, ಇವನು ಯಾರ ಕೈಗೊಂಬೆಯಾದ, ನಾನು ಯಾವ ಮುಖ ಹೊತ್ತು ಶಿವರಾತ್ರಿಗೆ ಬಣ್ಣ ಹಚ್ಚಲಿ ಎಂದು ಕುದಿದೆ. ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಧರ್ಮೇಶನನ್ನು ಕರೆದು, ಅದೇ ಜಾಗವನ್ನು ನನ್ನ ಫೋನಿನಲ್ಲಿ ಮತ್ತೆ ಹಾಕಿಸಿದೆ. ಈ ಸಲ ದನಿ ತೆಗೆಸಿದೆ. ನಟ ನಿಜ ಹೇಳುತ್ತಿದ್ದಾನೋ ಇಲ್ಲವೋ ನೋಡಬೇಕಾದರೆ ಕಿವಿ ಮುಚ್ಚಿಕೊಂಡು ನೋಡಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಗುರುವಯ್ಯ ಮೇಷ್ಟ್ರು, ಮಂಡಳಿ ಕಟ್ಟಿದವರು. ಅವರು ನನಗೆ ಬೀಳುವುದನ್ನು ಒಂದು ಮಳೆಗಾಲ ಪೂರ್ತಿ ಕಲಿಸಿದರು. ಪ್ರತಿ ಸಲ ಬಿದ್ದಾಗಲೂ ಬೆತ್ತದಿಂದ ಅಂಗೈಗೆ ತಟ್ಟಿ, "ಇದನ್ನ ನೋಡ್ಕೋ ಮಾರಾಯ. ಸುಳ್ಳು ಬೀಳೋನ ಕೈ ಮೊದ್ಲೇ ನೆಲಕ್ಕೆ ಹೊರಟಿರ್ತದೆ. ನಿಜಕ್ಕೂ ಬಿದ್ದೋನ ಕೈಗೆ ಸುದ್ದಿನೇ ಮುಟ್ಟಿರಲ್ಲ" ಎನ್ನುತ್ತಿದ್ದರು. ಇಷ್ಟು ವರ್ಷ ಬಿದ್ದರೂ ನನ್ನ ಕೈಗೆ ಸುದ್ದಿ ಮುಟ್ಟದಂತೆ ಬೀಳಲು ನನ್ನಿಂದ ಆಗಿಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ, ಅದು ಅವರ ದೊಡ್ಡ ಮನಸ್ಸು.

ನಿನ್ನ ಕೈ ನೋಡಿದೆ ಬಸವಪ್ರಸಾದ. ಬಲಗೈ ಇನ್ನೂ ಮೇಲಿದೆ. ನಿಮ್ಮ ಟೀಮಿನವನನ್ನು ಮುಂದೆ ಓಡು ಎಂದು ಕರೆಯುತ್ತಿದೆ. ಮೈ ನೆಲಕ್ಕೆ ಬಂದಿದೆ, ಕೈ ಇನ್ನೂ ಕರೆಯುತ್ತಲೇ ಇದೆ! ಪಾಪ, ಅದಕ್ಕೆ ಸುದ್ದಿ ಮುಟ್ಟಿಲ್ಲ.

ಮತ್ತೆ ಹಾಕಿಸಿದೆ. ಮತ್ತೆ. ಧರ್ಮೇಶ ಬೇಸತ್ತು ಫೋನನ್ನು ನನ್ನ ಕೈಗೇ ಕೊಟ್ಟು ಹೋದ. ಕುಸಿದದ್ದು ಬಲಗಾಲು. ಮಂಡಿ ಒಳಕ್ಕೆ ಮಡಚಿಕೊಂಡದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನೀನು ಹಿಡಿದುಕೊಂಡದ್ದು ಮಾತ್ರ ಎಡಗಾಲು. ಬಿದ್ದ ಮೇಲೆ ಒಂದು ಕ್ಷಣ ಸುಮ್ಮನೆ ಮಲಗಿದ್ದೀ, ಮುಖದಲ್ಲಿ ರಕ್ತವಿಲ್ಲ, ಆಮೇಲೆ ನಿನ್ನ ಕಣ್ಣು ಡಾಕ್ಟರು ಕೂತಿರುವ ಕಡೆಗೆ ಹೋಗುತ್ತದೆ. ಅಲ್ಲಿಂದ ನಾಟಕ ಶುರು. ನರಳಾಟ, ಉರುಳಾಟ, ನಗು. ಬಿದ್ದದ್ದು ನಿಜ, ನರಳಿದ್ದು ನಟನೆ. ಜಗತ್ತೆಲ್ಲ ಇದನ್ನು ತಲೆಕೆಳಗಾಗಿ ನೋಡಿತು. ನೀನೇ ಹಾಗೆ ನೋಡುವಂತೆ ಮಾಡಿದೆ.

ಆಹಾ, ಎಂಥ ಪಾತ್ರ ಆರಿಸಿಕೊಂಡೆ! ಮಂಡಿ ಹೋದ ಆಟಗಾರ ಎನ್ನಿಸಿಕೊಳ್ಳುವುದಕ್ಕಿಂತ ಮೋಸಗಾರ ಎನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡೆಯಾ?

ಒಮ್ಮೆ ಅನುಮಾನ ಹೊಕ್ಕ ಮೇಲೆ ನಾನು ಬಿಡುವವನಲ್ಲ. ದೀಪಾವಳಿಗೆ ನೀನು ಬಂದಿದ್ದನ್ನು ಅಂಕ ಅಂಕವಾಗಿ ನೆನೆದೆ. ಲಿಂಗಪೂಜೆಗೆ ನೀನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿಲ್ಲ, ಕುರ್ಚಿ ಎಳೆದುಕೊಂಡೆ. "ಅಲ್ಲಿ ರೂಮಲ್ಲಿ ಜಾಗ ಇಲ್ಲಪ್ಪ, ಹಿಂಗೇ ಅಭ್ಯಾಸ ಆಗಿದೆ" ಎಂದೆ. ನಾನು ನಂಬಿದೆ. ಮೇಲಿನ ನಿನ್ನ ಕೋಣೆಗೆ ಹತ್ತದೆ ಕೆಳಗೆ ಜಗಲಿಯಲ್ಲೇ ಮಲಗಿದೆ. "ಮೇಲೆ ನೆಟ್‌ವರ್ಕ್ ಸಿಗಲ್ಲ" ಎಂದೆ. ಎಲಾ! ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದೇ ಮೇಲೆ! ಫೋನು ಬಂದರೆ ನಿಮ್ಮಮ್ಮ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಓಡುವುದನ್ನು ನೀನು ಚಿಕ್ಕಂದಿನಿಂದ ಕಂಡಿಲ್ಲವೇ? ಆ ಮಾತನ್ನೂ ನಾನು ನಂಬಿದೆ. ದೇವರಮನೆ ಬೆಟ್ಟಕ್ಕೆ ಹೋದಾಗ ನಾನೂ ನಿಮ್ಮಮ್ಮನೂ ಹತ್ತಿ ಬರುವವರೆಗೆ ನೀನು ಕಾರಿನಲ್ಲೇ ಕೂತಿದ್ದೆ, ಏನೋ ಮುಖ್ಯವಾದ ಫೋನು ಬರುವುದಿದೆಯೆಂದು. ಹಾಗಾದರೆ ದೀಪಾವಳಿಯಿಂದ ಇದು ನಡೆಯುತ್ತಿದೆ. ಅದಕ್ಕೂ ಹಿಂದಿನಿಂದಲೋ?

ಏಕೆಂಬುದನ್ನೂ ಊಹಿಸಬಲ್ಲೆ. ಮುಂದಿನ ತಿಂಗಳು ಕ್ಲಬ್ಬಿನವರು ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುತ್ತಾರೆ ಎಂದು ನೀನೇ ಹೇಳಿದ್ದೆ. ಆಟ ಹೋದರೆ ಐಸ್ ಫ್ಯಾಕ್ಟರಿಯ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ, ಅದು ನನಗೆ ತಿಳಿಯದ್ದಲ್ಲ. ಮೂವತ್ತೊಂದು ವರ್ಷದ ರೈಟ್ ವಿಂಗು ಮಂಡಿ ಹಿಡಿದುಕೊಂಡರೆ ಡಾಕ್ಟರು ಒತ್ತಿ ನೋಡುತ್ತಾರೆ. ಎಡಗಾಲು ಹಿಡಿದುಕೊಂಡರೆ, ಅದರಲ್ಲಿ ಏನೂ ಇಲ್ಲದ್ದರಿಂದ, ಬೈದು ಕಳಿಸುತ್ತಾರೆ. ಜಾಣ ನೀನು. ಆದರೆ ಬರುವ ಶನಿವಾರ ಮತ್ತೆ ಮ್ಯಾಚಿದೆ. ಅಲ್ಲಿ ನಾಲ್ಕನೆಯ ಸಲ ಬಿದ್ದು, ಏಳಲು ಹೋದಾಗ ಆ ಕಾಲು ನಿನ್ನ ಮಾತು ಕೇಳದಿದ್ದರೆ? ನಾನು ಬೀಳುವ ರಂಗಕ್ಕೆ ಪರದೆಯಿದೆ. ಅದು ಇಳಿದ ಮೇಲೆ ಎದ್ದು, ಬಣ್ಣ ಒರೆಸಿ, ಬಿಸಿ ಕಾಫಿ ಕುಡಿದು ಮನೆಗೆ ನಡೆದು ಬರುತ್ತೇನೆ. ನಿನ್ನ ಮೈದಾನಕ್ಕೆ ಪರದೆ ಎಲ್ಲಿದೆ ಮಗನೇ?

ಇದೆಲ್ಲ ನನ್ನ ಕಲ್ಪನೆಯೂ ಇರಬಹುದು. ಹಾಗಿದ್ದರೆ ನನಗಿಂತ ಸಂತೋಷಪಡುವವರು ಇಲ್ಲ. ಊರಿನವರೆಲ್ಲರ ಮುಂದೆ, ಲಿಂಗಪ್ಪನ ಮುಂದೆಯೂ, ನನ್ನ ಮಗ ಬರೀ ಮೋಸಗಾರ ಎಂದು ಘೋಷಿಸಿಬಿಡುತ್ತೇನೆ!

ನಿಮ್ಮಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿ, ಮನೆಯ ಕಾಫಿಪುಡಿ ಕಟ್ಟಿದ್ದಾಳೆ. ಕ್ಲಬ್ಬಿನ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಶಿವ ನಿನ್ನನ್ನು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಲಿ.

ನಿನ್ನ ಅಪ್ಪ,
ಜಯದೇವಪ್ಪ

ವಿ.ಸೂ.: ಅಕ್ಷರ ಓಡುತ್ತಿದೆ, ರೇಣುಕಪ್ರಸಾದನ ಶುಂಠಿ ಲಾರಿ ಬಾಗಿಲ ಮುಂದೆ ಹಾರ್ನ್ ಹೊಡೆಯುತ್ತಿದೆ. ಗೋವಾಕ್ಕೆ ಹೊರಟಿದ್ದಾನೆ. ಈ ಕಾಗದವನ್ನು ಅವನ ಕೈಗೆ ಕೊಡುತ್ತಿಲ್ಲ, ನಾನೇ ಅವನ ಪಕ್ಕ ಕೂತು ತರುತ್ತಿದ್ದೇನೆ. ಟಾರ್ಪಾಲು ತರಲು ಮಂಗಳೂರಿಗೆ ಎಂದು ನಿಮ್ಮಮ್ಮನಿಗೆ ಹೇಳಿದೆ. ಅವಳು ಹೂಂ ಎಂದು, ಚೀಲದಲ್ಲಿ ನೋವಿನೆಣ್ಣೆಯ ಸೀಸೆ ಇಟ್ಟಳು. ಯಾರಿಗೆ ಎಂದರೆ, "ನಿಮ್ ಮಂಡಿಗೆ" ಎಂದಳು. ನನ್ನ ಮಂಡಿಗೆ ಯಾವ ನೋವೂ ಇಲ್ಲ. ಅವಳ ಮೇಲೂ ಈಗ ನನಗೆ ಅನುಮಾನ. ಆಟ ಬಿಡು ಎನ್ನಲು ನಾನು ಬರುತ್ತಿಲ್ಲ. ಡಾಕ್ಟರ ಮುಂದೆ ಬಲಗಾಲನ್ನೇ ಚಾಚು ಎನ್ನಲು ಬರುತ್ತಿದ್ದೇನೆ, ಅದೂ ಶನಿವಾರಕ್ಕೆ ಮೊದಲು. ಎದುರು ನಿಂತು ಹೇಳಹೊರಟರೆ ನನ್ನ ದನಿ ಎಲ್ಲಿ ಏರುತ್ತದೋ, ಎಲ್ಲಿ ಒಡೆಯುತ್ತದೋ ಎಂದು ಕಾಗದವನ್ನು ಕೈಗಿತ್ತು ಹೊರಗೆ ಹೋಗುತ್ತೇನೆ. ನೀನು ಈ ಸಾಲಿಗೆ ಬರುವ ಹೊತ್ತಿಗೆ ನಾನು ನಿನ್ನ ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬಾಗಿಲು ತಟ್ಟಿದಾಗ ನೀನು ಮಂಚದಿಂದ ನಡೆದು ಬಂದ ಸದ್ದನ್ನು ಆಗಲೇ ಕೇಳಿಸಿಕೊಂಡಿರುತ್ತೇನೆ. ಆದ್ದರಿಂದ ಹೊರಗೆ ಬರುವಾಗ ನೆಟ್ಟಗೆ ಹೆಜ್ಜೆಯಿಡಲು ಹೆಣಗಬೇಡ. ಕುಂಟುತ್ತಲೇ ಬಾ ಮಗನೇ.