ವಾಪಸ್ ಪಡೆಯದ ಮಾತು

ಫೆಬ್ರವರಿ ೧೭, ಭಾನುವಾರ

ಮುದ್ದಿನ ಮಗಳೇ,

ನೀನೂ ಅಳಿಯಂದಿರೂ ಸುಖವಾಗಿದ್ದೀರಿ ತಾನೇ? ಅವರ ಬೆನ್ನುನೋವು ಹೇಗಿದೆ, ಆಫೀಸಿನವರು ಕುರ್ಚಿ ಬದಲಾಯಿಸಿಕೊಟ್ಟರೇ? ನಾನು ಗಟ್ಟಿಮುಟ್ಟಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಲಿಫ್ಟ್ ಕೆಟ್ಟು ಎಂಟು ದಿನವಾಯಿತು. ಹತ್ತು ವರ್ಷ ಮುಖ ನೋಡದ ಮೂರನೇ ಮಹಡಿಯವರೆಲ್ಲ ಈಗ ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತಾ ಸ್ನೇಹಿತರಾಗುತ್ತಿದ್ದೇವೆ.

ನಿನಗೆ ಉತ್ತರ ಬರೆಯಲು ಮೂರು ವಾರ ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಕಳಪೆ ಹಾಳೆ ಕಂಡರೆ ಬೇರೆ ಎತ್ತಿಡುವುದು ನನ್ನ ಮೂವತ್ತೊಂದು ವರ್ಷದ ಕಸುಬಲ್ಲವೇ, ಕೈ ಸುಮ್ಮನಿರುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಕಾಗದಕ್ಕೆ ಆ ಚಾಳಿಯಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಬ್ಯಾಂಕಿನ ಮ್ಯಾನೇಜರು ಊಟದ ಹೊತ್ತಿನಲ್ಲಿ, ಗ್ರಂಥಾಲಯದ ಚರ್ಚೆಯಲ್ಲಿ ಯಾರೋ ತೆಗೆದ ನನ್ನ ವಿಡಿಯೋ ಹಾಕಿ, “ನೋಡ್ರಪ್ಪ, ನೋಟು ಅಚ್ಚು ಹಾಕೋ ಪ್ರೆಸ್ಸಲ್ಲಿ ಇದ್ದೋರು, ನಮ್ಮ ಆಫೀಸರ್ ತಾಯಿ, ಕ್ರಿಪ್ಟೋ ಪರ ಭಾಷಣ ಬಿಗೀತಿದಾರೆ!” ಎಂದು ಎಲ್ಲರೆದುರು ನಕ್ಕರಂತೆ. ನಿನಗೆ ತಟ್ಟೆಯಿಂದ ತಲೆ ಎತ್ತಲಾಗಲಿಲ್ಲವಂತೆ. ಆದ್ದರಿಂದ ನಾನು, ಮಾತಿನ ಭರದಲ್ಲಿ ಹಾಗಂದುಬಿಟ್ಟೆ, ತಪ್ಪಾಯಿತು ಎಂದು ನಾಲ್ಕು ಸಾಲು ಬರೆದುಕೊಡಬೇಕು. ಅದನ್ನು ನೀನು ಅವರಿಗೆ ತೋರಿಸುತ್ತೀಯ.

ಬರೆದುಕೊಡುವುದಿಲ್ಲ.

ಇಷ್ಟು ಓದಿ ಸಿಟ್ಟು ಬಂದಿದ್ದರೆ ಎದ್ದು ಒಂದು ಲೋಟ ನೀರು ಕುಡಿದು ಬಾ. ಆ ವಿಡಿಯೋದಲ್ಲಿ ಇರುವುದು ಎರಡು ನಿಮಿಷ, ಅಲ್ಲಿ ನಡೆದದ್ದು ಎರಡು ಗಂಟೆ. ಉಳಿದದ್ದನ್ನು ನನ್ನ ಬಾಯಿಂದಲೇ ಕೇಳು.

ಜನವರಿಯಲ್ಲಿ ನಮ್ಮ ಬೀದಿಯ ಗ್ರಂಥಾಲಯದ ಮೇಡಂ ಮನೆಗೆ ಬಂದರು. ಶನಿವಾರ ಮಧ್ಯಾಹ್ನ ಒಂದು ಚರ್ಚೆ ಇಟ್ಟುಕೊಂಡಿದ್ದಾರಂತೆ: ಕ್ರಿಪ್ಟೋ ಉಳಿಯುತ್ತದೆಯೇ, ಎಲ್ಲರ ಕೈಗೂ ಬರುತ್ತದೆಯೇ? “ಬರಲ್ಲ ಅನ್ನೋಕೆ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರಿದಾರೆ. ಬಂದೇ ಬಿಡ್ತು ಅನ್ನೋಕೆ ಕ್ರಿಪ್ಟೋ ವ್ಯಾಪಾರ ಮಾಡೋರೊಬ್ಬರಿದಾರೆ. ನೀವು ಮೇಷ್ಟ್ರ ಪಕ್ಕ ಕೂತು, ನಿಜವಾದ ನೋಟು ಅಂದ್ರೆ ಏನು ಅಂತ ಹತ್ತು ನಿಮಿಷ ಹೇಳಿದ್ರೆ ಸಾಕು” ಎಂದರು. ನಾನೂ ಹಾಗೆಂದುಕೊಂಡೇ ಹೋದೆ. ದೇವರಾಣೆಗೂ ಮನಸ್ಸಿನಲ್ಲಿ ಬೇರೆ ಲೆಕ್ಕವಿರಲಿಲ್ಲ.

ಜನ ತುಂಬಿಹೋಗಿದ್ದರು. ಕುರ್ಚಿ ಸಾಲದೆ ಮಕ್ಕಳ ವಿಭಾಗದ ಗಿಡ್ಡ ಕುರ್ಚಿಗಳನ್ನೂ ತಂದು ಹಾಕಿದ್ದರು. ದಪ್ಪ ಮೀಸೆಯ ಗಂಡಸರು ಮಂಡಿಗೆ ಗಲ್ಲ ತಾಗಿಸಿಕೊಂಡು ಕೂತಿದ್ದನ್ನು ನೀನು ನೋಡಬೇಕಿತ್ತು.

ಮೇಷ್ಟ್ರು ಮೊದಲು ಎದ್ದರು. “ಬೆಳಿಗ್ಗೆ ನೂರು, ಸಾಯಂಕಾಲ ಅರವತ್ತು. ಇದರಲ್ಲಿ ಸಂಬಳ ತಗೊಂಡೋನು ಮನೆ ಮುಟ್ಟೋ ಹೊತ್ತಿಗೆ ಅರ್ಧ ಸಂಬಳ ಆವಿಯಾಗಿರುತ್ತೆ. ಇದರ ಹಿಂದೆ ಸರ್ಕಾರ ಇಲ್ಲ, ದೂರು ಕೊಡೋಕೆ ಒಂದು ಕಿಟಕಿ ಇಲ್ಲ. ಬರೀ ಗಾಳಿಗೋಪುರ” ಎಂದರು. ಸರಿಯಾದ ಮಾತೇ. ವ್ಯಾಪಾರಿ ಮೂವತ್ತೈದರ ಆಸುಪಾಸಿನವರು, ನಾಲಿಗೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರು. “ಇಂಟರ್ನೆಟ್ ಬಂದಾಗಲೂ ಜನ ಹೀಗೇ ನಕ್ಕರು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಐದು ವರ್ಷದಲ್ಲಿ ಹತ್ತು ಪಟ್ಟು ಏರಿದೆ. ಇವತ್ತು ಕೊಳ್ಳದೇ ಇದ್ದೋರು ನಾಳೆ ಕೈಕೈ ಹಿಸುಕ್ಕೋತಾರೆ” ಎಂದರು. ಗಿಡ್ಡ ಕುರ್ಚಿಗಳಿಂದ ಚಪ್ಪಾಳೆ ಬಿತ್ತು.

ಆಮೇಲೆ ನನ್ನ ಸರದಿ. ನಾನು ನನ್ನ ಕೆಲಸದ ವಿಷಯ ಹೇಳಿದೆ. ಕತ್ತರಿಸದ ನೋಟಿನ ಹಾಳೆಗಳು ಕಟ್ಟುಕಟ್ಟಾಗಿ ಮೇಜಿಗೆ ಬರುತ್ತಿದ್ದದ್ದು, ಹೆಬ್ಬೆರಳಿನಿಂದ ಬೀಸಣಿಗೆಯ ಹಾಗೆ ಬಿಡಿಸಿ ನೋಡುತ್ತಿದ್ದದ್ದು, ಶಾಯಿ ಹರಡಿದ್ದರೆ, ಒಂದು ಅಂಕಿ ಮಾಸಿದ್ದರೆ, ಬಣ್ಣದ ಮೇಲೆ ಬಣ್ಣ ಕೂದಲೆಳೆಯಷ್ಟು ಸರಿದಿದ್ದರೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದದ್ದು. ನಮಗೆ ಕೊಡುತ್ತಿದ್ದ ಅಂಗಿಗೆ ಜೇಬೇ ಇರಲಿಲ್ಲ ಎಂದಾಗ ಎಲ್ಲರೂ ನಕ್ಕರು. “ನಗಬೇಡಿ, ಮೂವತ್ತೊಂದು ವರ್ಷ ಕರ್ಚೀಫು ತೋಳಿಗೆ ಸಿಗಿಸ್ಕೊಂಡು ಮೂಗು ಒರೆಸ್ಕೊಂಡೋಳು ನಾನು” ಎಂದೆ. ಇನ್ನೂ ನಕ್ಕರು.

ಮೇಷ್ಟ್ರು ಪಕ್ಕದಿಂದ ಪಿಸುಗುಟ್ಟಿದರು: “ಅದಕ್ಕೇ ನೋಟು ಗಟ್ಟಿ ಅಂತ ಹೇಳಿ ಮುಗಿಸಿ, ಮೇಡಂ.”

ಅಲ್ಲಿಗೆ ನನಗೆ ಏನಾಯಿತೋ ಗೊತ್ತಿಲ್ಲ. “ಗಟ್ಟಿ ಅಂತ ನಾನು ಹೇಗೆ ಹೇಳ್ಲಿ ಸಾರ್?” ಎಂದೆ. “ಅದು ಕಾಗದ. ನಾನು ಗೆರೆ ಎಳೆದರೆ ಕಸ, ಎಳೀದಿದ್ರೆ ದುಡ್ಡು. ಎದುರಿಗಿರೋ ಅಂಗಡಿಯೋನು ಇದನ್ನ ತಗೋತಾನೆ ಅನ್ನೋ ನಂಬಿಕೆ ಇದೆಯಲ್ಲ, ಅದೇ ಅದರ ಜೀವ. ಆ ನಂಬಿಕೆ ಕಾಗದದ ಮೇಲೆ ಕೂತ್ಕೊಂಡ ಹಾಗೇ ಒಂದು ದಿನ ಕಂಪ್ಯೂಟರಿನ ಅಂಕಿ ಮೇಲೂ ಕೂತ್ಕೊಳುತ್ತೆ.”

ವ್ಯಾಪಾರಿ ಕೈ ನೋಯುವ ಹಾಗೆ ಚಪ್ಪಾಳೆ ತಟ್ಟಿದರು. ನಾನು ಅವರ ಕಡೆ ತಿರುಗಿದೆ. “ನೀವು ಸ್ವಲ್ಪ ನಿಲ್ಲಿಸಿ. ಅರ್ಧ ಗಂಟೆ ಮಾತಾಡಿದ್ರಿ. ಏರಿತು, ಏರಿತು ಅಂತ ಹನ್ನೊಂದು ಸಲ ಹೇಳಿದ್ರಿ. ಇದರಲ್ಲಿ ಒಂದು ಬ್ರೆಡ್ಡು ಕೊಂಡೆ ಅಂತ ಒಂದು ಸಲಾನೂ ಹೇಳ್ಲಿಲ್ಲ. ನಾಳೆ ಹತ್ತು ಪಟ್ಟಾಗುತ್ತೆ ಅನ್ನೋ ದುಡ್ಡನ್ನ ಇವತ್ತು ಯಾವ ಹುಚ್ಚ ಖರ್ಚು ಮಾಡ್ತಾನೆ? ಖರ್ಚಾಗದೇ ಇರೋದು ದುಡ್ಡಲ್ಲ, ಲಾಟರಿ ಚೀಟಿ. ಇದು ಎಲ್ಲರ ಕೈಗೆ ಬರದ ಹಾಗೆ ಅಡ್ಡ ಕೂತಿರೋರು ಈ ಮೇಷ್ಟ್ರಲ್ಲ, ನೀವು.”

ಎರಡೂ ಕಡೆಯವರಿಗೂ ಬೇಡವಾದೆ. ಗ್ರಂಥಾಲಯದ ಮೇಡಂ ಗಡಿಯಾರ ನೋಡಿ, “ಹಾಗಾದ್ರೆ ನೀವು ಯಾವ ಕಡೆ? ಅಡ್ಡಗೋಡೆ ಮೇಲೆ ದೀಪ ಇಡಬೇಡಿ” ಎಂದರು. ಆಗ ನಾನು ಹೇಳಿದ್ದೇ ನಿನ್ನ ಮ್ಯಾನೇಜರು ನಕ್ಕ ಮಾತು. “ಉಳಿಯುತ್ತೆ. ಉಳೀಬೇಕು. ತನ್ನ ದುಡ್ಡು ಮುಟ್ಟೋಕೆ ಇನ್ನೊಬ್ಬರ ಅಪ್ಪಣೆಗೆ ಕಾಯೋರು ಈ ಲೋಕದಲ್ಲಿ ಇರೋವರೆಗೂ, ಅಪ್ಪಣೆ ಬೇಡದ ದುಡ್ಡಿಗೆ ಗಿರಾಕಿ ಇದ್ದೇ ಇರ್ತಾರೆ.”

ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಚರ್ಚೆ ಮುಗಿಯಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ನಮ್ಮ ಕಟ್ಟಡದ ಕೆಳಗಿನ ಔಷಧಿ ಅಂಗಡಿಯವರು. ನಿನಗೆ ಚಿಕ್ಕಂದಿನಲ್ಲಿ ಕೆಮ್ಮಿನ ಔಷಧದ ಜೊತೆ ಪುದೀನಾ ಗುಳಿಗೆ ಪುಕ್ಕಟೆ ಕೊಡುತ್ತಿದ್ದರಲ್ಲ, ಅವರೇ. “ನನ್ನ ಹದಿನಾಲ್ಕು ವರ್ಷದ ಉಳಿತಾಯ ಒಂದು ಕ್ರಿಪ್ಟೋ ಕಂಪನೀಲಿ ಇಟ್ಟಿದ್ದೆ. ಒಂದು ಸೋಮವಾರ ನೋಡ್ತೀನಿ, ಅದರ ಬಾಗಿಲೇ ಮುಚ್ಚಿದೆ. ಫೋನಿಲ್ಲ, ಆಫೀಸಿಲ್ಲ, ಯಾರೂ ಇಲ್ಲ. ನೀವು ವೇದಿಕೆ ಮೇಲೆ ಕೂತು ಉಳಿಯುತ್ತೆ ಅಂತೀರಿ. ಅದು ಉಳಿದ್ರೆ ನನಗೇನು ಬಂತು? ನಾನು ಉಳಿದ್ನಾ, ಹೇಳಿ.”

ಇಡೀ ಕೋಣೆ ನನ್ನ ಕಡೆ ನೋಡಿತು. ಮಗಳೇ, ನಾನು ಮಾತು ಬದಲಿಸಬಹುದಿತ್ತು. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಏನಾದರೊಂದು ಹೇಳಿ ಕೂರಬಹುದಿತ್ತು. ಆ ಮನುಷ್ಯನಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

“ನಿಮ್ಮ ನಾಣ್ಯದ ಕೀಲಿ, ಅದನ್ನ ತೆಗೆಯೋ ಗುಟ್ಟಿನ ಸಂಖ್ಯೆ, ನಿಮ್ಮ ಹತ್ರ ಇತ್ತಾ?” ಎಂದು ಕೇಳಿದೆ.

“ಇಲ್ಲ. ಅವರೇ ಇಟ್ಕೋತೀವಿ ಅಂದ್ರು. ನೀವು ಮರೆತುಬಿಡ್ತೀರಿ, ಕಳ್ಕೋತೀರಿ, ನಮ್ಮ ಹತ್ರ ಭದ್ರವಾಗಿರುತ್ತೆ ಅಂದ್ರು.”

“ಹಾಗಂದೋರು ಯಾರೇ ಆಗಿರಲಿ, ಅವತ್ತೇ ಅದು ನಿಮ್ಮ ದುಡ್ಡಾಗಿ ಉಳೀಲಿಲ್ಲ” ಎಂದೆ. “ನಿಮ್ಮನ್ನ ಮುಳುಗಿಸಿದ್ದು ಹೊಸ ದುಡ್ಡಲ್ಲ. ಹಳೇ ಚಾಳಿ.”

ಅವರು ಹೊರಟುಹೋದರು. ಕೊನೆಗೆ ಗ್ರಂಥಾಲಯದ ಮೇಡಂ ಎಲ್ಲರಿಂದ ಕೈ ಎತ್ತಿಸಿದರು: ಉಳಿಯುತ್ತದೆ ಎಂದವರು ಇಪ್ಪತ್ತಾರು, ಇಲ್ಲವೆಂದವರು ಮೂವತ್ತು. ನಾವು ಸೋತೆವು. ನಾವು ಎಂದರೆ ನಾನು ಮತ್ತು ನಾನು ಬೈದ ಆ ವ್ಯಾಪಾರಿ! ಬಾಗಿಲಲ್ಲಿ ಅವರು ನನಗೆ ತಮ್ಮ ಫೋನ್ ನಂಬರಿನ ಚೀಟಿ ಕೊಟ್ಟು, “ನಿಮಗಾದ್ರೆ ಕಮಿಷನ್ ಬೇಡ, ಮೇಡಂ” ಎಂದರು. “ನನ್ನ ಹತ್ರ ಒಂದು ಚೂರೂ ಇಲ್ಲ, ಕೊಳ್ಳೋದೂ ಇಲ್ಲ. ಬೆಂಕಿ ಬೇಕು ಅಂದೋರೆಲ್ಲ ಸೀಮೆಎಣ್ಣೆ ಅಂಗಡಿ ಇಡಬೇಕಾ?” ಎಂದು ಚೀಟಿ ವಾಪಸ್ ಕೊಟ್ಟೆ. ಆದ್ದರಿಂದ ಆ ಭಯ ನಿನಗೆ ಬೇಡ.

ಮರುದಿನ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ತರಲು ಕೆಳಗಿಳಿದೆ. ಮಾತ್ರೆ ಇನ್ನೂ ಒಂದು ವಾರಕ್ಕಾಗುವಷ್ಟಿತ್ತು, ಸುಳ್ಳೇಕೆ. ಔಷಧಿ ಅಂಗಡಿಯವರು ಮಾತ್ರೆ ಕತ್ತರಿಸಿ ಕವರಿಗೆ ಹಾಕಿದರು. ನಾನೂ ಕೌಂಟರಿಗೆ ಅಂಟಿಕೊಂಡು ನಿಂತೇ ಇದ್ದೆ. ಕೊನೆಗೆ ಅವರು ತಲೆ ಎತ್ತದೆ, “ನೀವು ಹೇಳಿದ್ದು ಸರಿ. ಅದಕ್ಕೇ ಅಷ್ಟು ಉರೀತು” ಎಂದರು. ಆಮೇಲೆ, “ಮನೇಲಿ ಇವಳಿಗೆ ಇನ್ನೂ ಹೇಳಿಲ್ಲ” ಎಂದರು. ನಾನು ಸ್ಟೂಲಿನ ಮೇಲೆ ಕೂತೆ. ಒಂದು ಗಂಟೆ ಮಾತಾಡಿದೆವು. ಅವತ್ತು ಮಧ್ಯಾಹ್ನವೇ ಹೆಂಡತಿಗೆ ಹೇಳಿದರಂತೆ. ಆಕೆ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬಂದು ಅಂಗಡಿಯ ಲೆಕ್ಕದ ಪುಸ್ತಕ ತಾನೇ ನೋಡಿಕೊಳ್ಳುತ್ತೇನೆಂದು ಕೂತಿದ್ದಾಳೆ. ಈಗ ನಾನು ಹೋದರೆ ಇಬ್ಬರೂ ಒಟ್ಟಿಗೆ ನನ್ನನ್ನು ಗದರುತ್ತಾರೆ, ಉಪ್ಪು ಕಡಿಮೆ ಮಾಡಿ ಎಂದು.

ಇಷ್ಟೂ ನಡೆದ ಮೇಲೆ ನಾನು ತಪ್ಪಾಯಿತು ಎಂದು ಬರೆದರೆ, ಯಾವುದನ್ನು ತಪ್ಪೆಂದು ಬರೆಯಲಿ? ಆ ಮನುಷ್ಯನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದನ್ನು ನಿನ್ನ ಮ್ಯಾನೇಜರ ಊಟ ರುಚಿಸಲೆಂದು ಹಿಂದಕ್ಕೆ ತೆಗೆದುಕೊಳ್ಳಲೇ? ನಿನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಬ್ಯಾಂಕು ನಾಳೆ ಮುಳುಗುತ್ತದೆ ಎಂದು ನಾನೆಲ್ಲೂ ಹೇಳಿಲ್ಲ. ನಾನು ಹೇಳಿದ್ದು ಪೂರಾ ತಪ್ಪಾಗಿಯೂ ಇರಬಹುದು, ಇಪ್ಪತ್ತು ವರ್ಷದಲ್ಲಿ ಆ ನಾಣ್ಯಗಳ ಹೆಸರು ಹೇಳುವವರೂ ಇಲ್ಲವಾಗಬಹುದು. ತಪ್ಪಾದರೆ ಕಾಲ ಹೇಳಲಿ, ನಾನು ಒಪ್ಪುತ್ತೇನೆ. ಮ್ಯಾನೇಜರು ನಕ್ಕರೆಂದು ಒಪ್ಪುವುದಿಲ್ಲ. ಅವರಿಗೆ ಅಷ್ಟು ನಗು ಬರುವುದಾದರೆ ಮುಂದಿನ ತಿಂಗಳ ಎರಡನೇ ಶನಿವಾರ ಗ್ರಂಥಾಲಯಕ್ಕೆ ಬರಹೇಳು. ಮೇಡಂ ನನ್ನನ್ನು ಮತ್ತೆ ಕರೆದಿದ್ದಾರೆ, ನಾನು ಒಪ್ಪಿದ್ದೇನೆ. ಅವರಿಗೊಂದು ಗಿಡ್ಡ ಕುರ್ಚಿ ಹಿಡಿದಿಟ್ಟಿರುತ್ತೇನೆ.

ನೀನೂ ಬಾ. ನನ್ನ ವಿರುದ್ಧ ಎದ್ದು ಮಾತಾಡು. ನೀನು ಚಿಕ್ಕವಳಿದ್ದಾಗ ಮೇಜಿನ ಮೇಲೆ ಹತ್ತಿ ನಿಂತು ನನ್ನ ಜೊತೆ ವಾದ ಮಾಡುತ್ತಿದ್ದೆಯಲ್ಲ, ಆ ಧ್ವನಿ ಕೇಳಿ ಎಷ್ಟೋ ವರ್ಷವಾಯಿತು. ಈಗ ನೀನು ವಾದ ಮಾಡುವುದಿಲ್ಲ, ಸೂಚನೆ ಕೊಡುತ್ತೀಯ.

ನಿನ್ನ ಬಾಳು ತಂಪಾಗಿರಲಿ. ಅಳಿಯಂದಿರ ಬೆನ್ನು ನೆಟ್ಟಗಾಗಲಿ. ನೀನು ಎಲ್ಲಿ ಕೂತರೂ ತಲೆ ಎತ್ತಿ ಕೂರುವ ಹಾಗಾಗಲಿ, ನನ್ನ ದೆಸೆಯಿಂದಲ್ಲ, ನಿನ್ನ ದೆಸೆಯಿಂದಲೇ.

ಇಂತು ನಿನ್ನ ಹಠಮಾರಿ
ಅಮ್ಮ

ಇನ್ನೊಂದು ಮಾತು. ಇದನ್ನು ಬರೆಯಬಾರದೆಂದೇ ನಾಲ್ಕು ಕಾಗದ ಹರಿದದ್ದು.

ಎರಡು ವರ್ಷದ ಹಿಂದೆ ಯಾವನೋ ಫೋನಿನಲ್ಲಿ ನನ್ನನ್ನು ಮರುಳು ಮಾಡಿ ದುಡ್ಡು ಎಗರಿಸಲು ನೋಡಿದಾಗ, ನೀನು ಓಡಿ ಬಂದು ನನ್ನ ಖಾತೆಗೆ ನಿನ್ನ ಫೋನ್ ನಂಬರು ಹಾಕಿಸಿದೆ. ನಾನು ಎಲ್ಲಿ ಕಾರ್ಡು ಕೊಟ್ಟರೂ ಒಪ್ಪಿಗೆ ಕೇಳುವ ಮೆಸೇಜು ನಿನಗೆ ಬರುತ್ತದೆ, ನೀನು ಹೂಂ ಎಂದರೆ ನನಗೆ ನನ್ನ ದುಡ್ಡು. ಪ್ರೀತಿಯಿಂದಲೇ ಮಾಡಿದೆ, ಗೊತ್ತು. ನಾನೂ ಒಪ್ಪಿದ್ದೆ.

ಕಳೆದ ಸೆಪ್ಟೆಂಬರಿನಲ್ಲಿ, ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವಳು, ನೀನು ಗುಬ್ಬಿ ಅತ್ತೆ ಎನ್ನುತ್ತಿದ್ದೆಯಲ್ಲ, ಅವಳ ಮಗ ಬುಧವಾರ ಫೋನ್ ಮಾಡಿದ. “ಅಮ್ಮ ನಿಮ್ಮನ್ನೇ ಕೇಳ್ತಿದಾರೆ, ಬೇಗ ಬನ್ನಿ” ಎಂದ. ನಾನು ಚೀಲ ತೆಗೆದುಕೊಂಡು ನೇರ ರೈಲು ನಿಲ್ದಾಣಕ್ಕೆ ಹೋದೆ. ಕೈಯಲ್ಲಿದ್ದ ಚಿಲ್ಲರೆ ಟಿಕೆಟ್ಟಿಗೆ ಸಾಲಲಿಲ್ಲ, ಕಾರ್ಡು ಕೊಟ್ಟೆ. ಯಂತ್ರ ಎರಡು ಸಲ ಆಗುವುದಿಲ್ಲ ಎಂದಿತು. ನಿನಗೆ ಆರು ಸಲ ಫೋನ್ ಮಾಡಿದೆ, ನೀನು ಮೀಟಿಂಗಿನಲ್ಲಿದ್ದೆ. ಆಮೇಲೆ ನಿನ್ನ ಮೆಸೇಜು ಬಂತು: “ಯಾರೋ ನಿನ್ನ ಕಾರ್ಡ್ ಬಳಸ್ತಿದಾರೆ, ತಡೆದಿದೀನಿ, ಹೆದರಬೇಡ.” ರೈಲು ಹೊರಟಿತು. ಸಂಜೆ ನಿನಗೆ ವಿಷಯ ಹೇಳಿದಾಗ ನೀನು, “ಒಬ್ಬಳೇ ಅಷ್ಟು ದೂರ ಬೇಡಮ್ಮ, ಭಾನುವಾರ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ” ಎಂದೆ. ಅವಳು ಶುಕ್ರವಾರ ಮಧ್ಯಾಹ್ನ ಹೋದಳು. ನೀನು ಸಮಾಧಾನ ಮಾಡಲು ಬಂದಾಗ ನಾನು, ಹೋಗಲಿ ಬಿಡು, ನೋಡುವ ಶಕ್ತಿಯೂ ನನಗಿರಲಿಲ್ಲ ಎಂದೆ. ಸುಳ್ಳು ಹೇಳಿದೆ.

ಮೊನ್ನೆ ಗುರುವಾರ ಬ್ಯಾಂಕಿಗೆ ಹೋಗಿ ಖಾತೆಯಿಂದ ನಿನ್ನ ನಂಬರು ತೆಗೆಸಿ ನನ್ನದೇ ಹಾಕಿಸಿದೆ. ಕೌಂಟರಿನ ಹುಡುಗಿ ಒಳ್ಳೆಯವಳು, ನನ್ನ ಕೈ ಹಿಡಿದು ಮೆಲ್ಲಗೆ, “ಮಗಳನ್ನ ಒಂದು ಮಾತು ಕೇಳಿದೀರಾ ಅಮ್ಮ?” ಎಂದಳು.

“ಹೇಳ್ತೀನಿ. ಕೇಳೋದಿಲ್ಲ” ಎಂದೆ.